ಕಾಲಿಗೆ ಕಾಲಂ ಇಲ್ಲ

ಉಪ್ಪಳ ಪೇಟೆಯಲ್ಲಿ ಮೂರು ಹಗಲು ನಾನು ವಾಹನ ಎಣಿಸಿದೆ.
ಬೀಗ ಹಾಕಿದ ಚಪ್ಪಲಿ ಅಂಗಡಿಯ ಜಗಲಿ,
ಪ್ಲಾಸ್ಟಿಕ್ ಕುರ್ಚಿ, ದಿನಕ್ಕೆ ಏಳುನೂರು, ಮಧ್ಯಾಹ್ನ ಪೊರೋಟ.
ಕೊಟ್ಟ ಹಾಳೆಯಲ್ಲಿ ಹನ್ನೊಂದು ಕಾಲಂ:
ಕಾರು, ಜೀಪು, ರಿಕ್ಷಾ, ಬಸ್ಸು,
ಆರು ಗಾಲಿಯ ಲಾರಿ, ಹತ್ತು ಗಾಲಿಯದು, ಗ್ಯಾಸ್ ಟ್ಯಾಂಕರು…
ಎತ್ತಿನ ಗಾಡಿಗೂ ಒಂದಿತ್ತು.
ನಾನು ಹುಟ್ಟಿದ ಮೇಲೆ ಈ ರಸ್ತೆಯಲ್ಲಿ ಎತ್ತು ಕಂಡದ್ದಿಲ್ಲ.

ಸೈಕಲ್ ಅಂದರೆ ಅರ್ಧ ಕಾರು, ಲಾರಿ ಅಂದರೆ ಮೂರು,
ಸೂಪರ್‌ವೈಸರ್ ಸನೋಜ್ ಹೇಳಿಕೊಟ್ಟ.
ನಡೆಯುವವರು? ಕೇಳಿದೆ.
ಹಾಳೆಯನ್ನೊಮ್ಮೆ ಮಗುಚಿ ನೋಡಿದ,
ಬೆನ್ನಲ್ಲಿ ಏನಾದರೂ ಬರೆದಿರಬಹುದೋ ಎಂಬ ಹಾಗೆ.
ಸೊನ್ನೆ ಬರೆಯುವ ಅಂದರೆ
ಸೊನ್ನೆಗೂ ಒಂದು ಚೌಕ ಬೇಕಲ್ಲ ಮಾರಾಯ್ರೆ.

ಆರೂವರೆಗೆ ಅಂದುಞ್ಞಿಚ್ಚ, ಮೀನಿನ ಸೈಕಲ್ಲು.
ಪೆಟ್ಟಿಗೆಯಿಂದ ಐಸಿನ ನೀರು ಸೋರಿ
ಹೋದ ದಾರಿ ಹಿಂದಿನಿಂದ ಗೊತ್ತಾಗುತ್ತದೆ.
ಅರ್ಧ ಕಾರು ಎಂದು ಗೀಟೆಳೆದೆ.
ಎಂಟೂಕಾಲಿಗೆ ಶಾಲೆಯ ಮಕ್ಕಳು
ಚಪ್ಪಲಿ ಕೈಯಲ್ಲಿ ಹಿಡಿದು ಸಾಲಾಗಿ ನಿಂತರು.
ಚಪ್ಪಲಿ ಜಾರುತ್ತದೆ, ಬರಿಗಾಲು ಜಾರುವುದಿಲ್ಲ;
ಇದು ಯಾವ ಪಾಠದಲ್ಲೂ ಇಲ್ಲ.
ಹತ್ತಕ್ಕೆ ಪೂವಕ್ಕ, ಕಂಕುಳಲ್ಲಿ ಬೀಡಿಯ ಚೀಲ.
ಬ್ರಾಂಚು ಎದುರು ಬದಿ, ನಲವತ್ತೆರಡು ಹೆಜ್ಜೆ.
ಹದಿನೆಂಟಕ್ಕೆ ನಿಂತು, ಒಂದು ಬಸ್ಸನ್ನು ದಾಟಿಸಿ,
ಉಳಿದ ಇಪ್ಪತ್ತನಾಲ್ಕು ಉಸಿರು ಬಿಡದೆ.
ಇಪ್ಪತ್ತೈದಕ್ಕೊಂದು ಕಟ್ಟು ಕಟ್ಟುವ ಕೈ,
ಎಣಿಕೆ ತಪ್ಪುವುದಿಲ್ಲ.

ಎರಡನೆಯ ದಿನದಿಂದ ಹಾಳೆಯ ಅಂಚಿನಲ್ಲಿ ಗುರುತು ಹಾಕತೊಡಗಿದೆ,
ನಾಲ್ಕು ನಿಂತ ಗೀಟು, ಅಡ್ಡ ಒಂದು.
ಅವರು ನಡೆಯುವುದೂ ಅಂಚಿನಲ್ಲೇ ಅಲ್ಲವೇ.
ಸಂಜೆಗೆ ಅಂಚು ತುಂಬಿತು. ಸಾವಿರದ ನೂರ ಹದಿನೇಳು.
ಸನೋಜ್ ಬೈಯಲಿಲ್ಲ, ಬೊಂಡ ಕುಡಿಸಿದ,
ಬೇರೆ ಹಾಳೆಗೆ ಚೆಂದ ಮಾಡಿ ಇಳಿಸು ಎಂದ.
ಇಳಿಸಿದೆ. ನನ್ನ ಅಕ್ಷರ ದುಂಡಗೆ.

ರಸ್ತೆ ಬಂತು. ಚೆಂದ ಉಂಟು, ಸುಳ್ಳು ಹೇಳುವುದಿಲ್ಲ.
ಮಂಗಳೂರು ಹತ್ತಿರ ಬಂತು,
ಬೀಡಿ ಬ್ರಾಂಚು ದೂರ ಹೋಯಿತು.
ನಡುವೆ ಎದೆಯೆತ್ತರದ ಗೋಡೆ.
ಅಂಡರ್‌ಪಾಸು ಪೆಟ್ರೋಲ್ ಪಂಪಿನಿಂದಲೂ ಆಚೆ.
ಪೂವಕ್ಕ ಎರಡು ಸಾವಿರದ ಮುನ್ನೂರರವರೆಗೆ ಎಣಿಸಿದರಂತೆ,
ಆಮೇಲೆ ಲೆಕ್ಕ ತಪ್ಪಿತಂತೆ. ಪೂವಕ್ಕನಿಗೆ!
ಜೀಬ್ರಾ ಪಟ್ಟೆಯೂ ಉಂಟು:
ಸರ್ವಿಸ್ ರಸ್ತೆ ದಾಟಿ ನೇರ ಹೋಗಿ
ಗೋಡೆಯ ಬುಡದಲ್ಲಿ ನಿಂತಿದೆ,
ಹೇಳಬಂದದ್ದನ್ನು ಮರೆತವರ ಹಾಗೆ.

ಚರಂಡಿಯ ಬಾಯಿಗೆ ಕಬ್ಬಿಣದ ಚೌಕ ಜಾಲರಿ.
ಸರಳುಗಳು ಸೈಕಲ್ಲು ಹೋಗುವ ದಿಕ್ಕಿಗೇ ಮಲಗಿವೆ,
ನಡುವಿನ ಸಂದು ಗಾಲಿಯ ಅಳತೆ ತೆಗೆದು ಹೊಲಿಸಿದ ಹಾಗೆ.
ಸೋಣದ ಒಂದು ಬೆಳಿಗ್ಗೆ ನೀರು ನಿಂತಿತ್ತು.
ಅಂದುಞ್ಞಿಚ್ಚನ ಮುಂದಿನ ಗಾಲಿ ಒಳಗೆ, ಅವರು ಮುಂದಕ್ಕೆ.
ಕೊರಳೆಲುಬು.
ರಸ್ತೆ ತುಂಬ ಬೂತಾಯಿ, ಮೇಲೆ ಕಾಗೆ.
ಪೊಲೀಸಿನವರು ಬರೆದುಕೊಂಡರು: ಸವಾರನ ಅಜಾಗರೂಕತೆ.
ಅದಕ್ಕೆ ಕಾಲಂ ಇತ್ತು.

ಮೊನ್ನೆ ರಾತ್ರಿ ವೆಲ್ಡಿಂಗಿನ ಜೋಕಿಮಣ್ಣ ಹಾರೆ ತಂದರು,
ನಾನು ಟಾರ್ಚು.
ಜಾಲರಿ ಎಬ್ಬಿಸಿ, ಕಾಲು ಸುತ್ತು ತಿರುಗಿಸಿ,
ಅದೇ ಗುಂಡಿಯಲ್ಲಿ ಕೂರಿಸಿದೆವು.
ಕಾಸು ಖರ್ಚಿಲ್ಲ. ಹತ್ತು ನಿಮಿಷ,
ಅದರಲ್ಲಿ ಆರು ತುಕ್ಕಿಗೆ.
ಯಾರೋ ಹಾಕುವಾಗ ಇಷ್ಟೇ ತಿರುಗಿಸಿದ್ದರೆ,
ಎಂದು ಶುರುಮಾಡಿದವರು ಜೋಕಿಮಣ್ಣ ಮುಗಿಸಲಿಲ್ಲ,
ಕೈ ಒರೆಸಿಕೊಂಡರು.

ಬೆಳಿಗ್ಗೆ ಆರೂವರೆಗೆ ಹೋಗಿ ನಿಂತೆ.
ಅಂದುಞ್ಞಿಚ್ಚನ ಮಗಳ ಮಗ, ಅದೇ ಸೈಕಲ್ಲು,
ಅಡ್ಡ ಸರಳುಗಳ ಮೇಲೆ ಟರ್ರೆಂದು ಹೋದ,
ಕೆಳಗೆ ನೋಡಲೂ ಇಲ್ಲ.
ಹೊಸಂಗಡಿಯವರೆಗೆ ಇನ್ನು ಅರುವತ್ತಮೂರು ಉಂಟು.
ಎಣಿಸಿದ್ದೇನೆ.